ಜೋಧಪುರದಿಂದ ಮರುಭೂಮಿಗೆ ಕಾರಲ್ಲಿ ಹೋಗುವವರು ದುಡ್ಡೆಲ್ಲ ಒಬ್ಬನ ಕೈಗೆ ಕೊಡಬೇಡಿ

ಡಿಸೆಂಬರ್ ರಜೆಗೆ ರಾಜಸ್ಥಾನದ ಪ್ಲಾನ್ ಹಾಕುತ್ತಿರುವವರು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕಳಿಸಿ. ಜೋಧಪುರದಲ್ಲಿ ಇಳಿಯುವುದು, ಮೆಹರಾನ್‌ಗಢ ಕೋಟೆ ನೋಡುವುದು, ಕಾರಲ್ಲಿ ಓಸಿಯಾನ್, ಪೋಖರಣ್ ದಾಟಿ ಜೈಸಲ್ಮೇರ್, ಅಲ್ಲಿಂದ ಸಮ್ ಮರಳುದಿಬ್ಬಗಳ ಹತ್ತಿರ ಟೆಂಟಿನಲ್ಲಿ ಒಂದು ರಾತ್ರಿ, ಮರುದಿನ ಪಾಕಿಸ್ತಾನ ಗಡಿ ಕಡೆಯ ತನೋಟ್ ಮಾತಾ ಗುಡಿ. ಬೆಂಗಳೂರಿನಿಂದ ಹೋಗುವವರು ಕೇಳುವ ಪ್ಯಾಕೇಜ್ ಹೆಚ್ಚುಕಡಿಮೆ ಇದೇ. ನಾವೂ ಇದನ್ನೇ ತಗೊಂಡೆವು. ನಾನು, ನಮ್ಮವರು, ಅತ್ತೆ, ಮಗಳು. ಊರುಗಳ ಬಗ್ಗೆ ನನ್ನದೇನೂ ದೂರಿಲ್ಲ. ದೂರು ಇರುವುದು ಆ ಪ್ಯಾಕೇಜ್ ಕಟ್ಟುವ ರೀತಿಯ ಬಗ್ಗೆ.

ಏಜೆಂಟ್ ಜೋಧಪುರದವನು. ಹೆಸರು ಬರೆಯುವುದಿಲ್ಲ, ಬರೆದರೂ ಪ್ರಯೋಜನವಿಲ್ಲ, ಇದೇ ಕೆಲಸ ಮಾಡುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾರು, ಡ್ರೈವರ್, ಕ್ಯಾಂಪ್, ಒಂಟೆ ಸವಾರಿ, ಜೀಪ್ ಸಫಾರಿ, ತನೋಟ್ ಎಲ್ಲ ಸೇರಿ 46,000 ರೂಪಾಯಿ ಅಂದ. ವರ್ಷದ ಕೊನೆ, ನಾಲ್ಕು ಜನ, ರೇಟು ಸರಿಯಾಗೇ ಇದೆ ಅನ್ನಿಸಿತು. ಕ್ಯಾಂಪಿನ ಫೋಟೋ ಕಳಿಸಿದ. ಬಿಳಿ ಟೆಂಟುಗಳ ಸಾಲು, ಹಿಂದೆಯೇ ಮರಳ ದಿಬ್ಬ. ಅರ್ಧಕ್ಕಿಂತ ಜಾಸ್ತಿ ದುಡ್ಡು ಮೊದಲೇ ಯುಪಿಐನಲ್ಲಿ, ಉಳಿದದ್ದು ಕಾರು ಹತ್ತುವ ಮುಂಚೆ. ಬಾಕಿ ಏನೂ ಇಡುವ ಹಾಗಿಲ್ಲ, ಸೀಸನ್ನಿನಲ್ಲಿ ಇದೇ ಪದ್ಧತಿ ಅಂತ ಹೇಳಿದ.

ಬೆಳಿಗ್ಗೆ ಹೋಟೆಲ್ ಮುಂದೆ ಬಂದದ್ದು ನಾವು ಮಾತಾಡಿದ್ದ ಇನೋವಾ ಅಲ್ಲ, ಹಳೆಯ ಎರ್ಟಿಗಾ. ಅದಾದರೂ ಪರವಾಗಿಲ್ಲ, ನಂಬರ್ ಪ್ಲೇಟ್ ಬಿಳಿ. ಬಾಡಿಗೆ ಟ್ಯಾಕ್ಸಿಗೆ ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇರಬೇಕು. ನಾವೇ ಓಡಿಸುವ ಬಾಡಿಗೆ ಕಾರಾದರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ. ಬಿಳಿ ಅಂದರೆ ಮನೆ ಬಳಕೆಯ ಗಾಡಿ. ಅದರಲ್ಲಿ ಬಾಡಿಗೆಗೆ ಹೋಗುವಾಗ ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು. ಜೈಸಲ್ಮೇರ್ ತನಕ 280 ಕಿಲೋಮೀಟರ್ ಹತ್ತಿರ ಇದೆ, ದಾರಿಯಲ್ಲಿ ದನ, ಒಂಟೆ, ನೀಲಗಾಯ್ ಯಾವಾಗ ಬೇಕಾದರೂ ಅಡ್ಡ ಬರುತ್ತವೆ. ನಮ್ಮವರು ಏಜೆಂಟಿಗೆ ಫೋನ್ ಮಾಡಿ ಕೇಳಿದರು. "ಟೆನ್ಶನ್ ಮತ್ ಲೋ ಸಾಬ್, ದಾರಿಯಲ್ಲಿ ಗಾಡಿ ಬದಲಾಯಿಸ್ತೀವಿ" ಅಂದ. ಬದಲಾಯಿಸಲಿಲ್ಲ. ಅಷ್ಟು ಹೊತ್ತಿಗೆ ಪೂರ್ತಿ ದುಡ್ಡು ಅವನ ಹತ್ತಿರ ಇತ್ತು ಅಲ್ವಾ, ನಮ್ಮ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಐದು ಗಂಟೆಯ ದಾರಿಗೆ ಇಡೀ ದಿನ ಹಿಡಿಯಿತು. ಜೋಧಪುರ ಬಿಡುವ ಮುಂಚೆಯೇ ಕಾರು ಒಂದು ಹ್ಯಾಂಡಿಕ್ರಾಫ್ಟ್ ಅಂಗಡಿಯ ಮುಂದೆ ನಿಂತಿತು. "ಸುಮ್ನೆ ನೋಡಿ, ತಗೊಳ್ಳಲೇಬೇಕು ಅಂತೇನಿಲ್ಲ." ಆಮೇಲೆ ಇನ್ನೊಂದು, ಬೆಡ್‌ಶೀಟ್ ಮತ್ತು ರಜಾಯಿ ಅಂಗಡಿ. ಊಟಕ್ಕೆ ನಿಲ್ಲಿಸಿದ ಢಾಬಾದಲ್ಲಿ ಮೆನು ಕಾರ್ಡಿನಲ್ಲಿ ರೇಟೇ ಇರಲಿಲ್ಲ. ಡ್ರೈವರ್ ಒಳಗೆ ಹೋಗಿ ಬೇರೆ ಕೂತು ಊಟ ಮಾಡಿದ, ಅವನಿಗೆ ಬಿಲ್ಲೂ ಬರಲಿಲ್ಲ. ಓಸಿಯಾನ್‌ನ ಹಳೆಯ ಗುಡಿಗಳ ಹತ್ತಿರ ಮಾತ್ರ "ಬೇಗ ಬನ್ನಿ, ಲೇಟ್ ಆಗ್ತಿದೆ" ಅಂತ ಹಾರ್ನ್ ಹೊಡೆಯುತ್ತಿದ್ದ.

ಸಮ್‌ನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು ಆರಕ್ಕೆ. ಜನ ಅಷ್ಟು ದೂರ ಹೋಗುವುದೇ ಆ ಒಂದು ಗಂಟೆಗಾಗಿ. ಜೈಸಲ್ಮೇರ್‌ನಿಂದ ಸಮ್ ಇನ್ನೂ 40 ಕಿಲೋಮೀಟರ್ ಆಚೆ. ನಾವು ಊರಿನೊಳಗೆ ಬರುವಾಗಲೇ ಬಿಸಿಲು ಕೆಂಪಗಾಗಿತ್ತು. ಸಮ್ ರಸ್ತೆಗೆ ತಿರುಗಿದಾಗ ಒಂದು ಬೈಕ್ ಕಾರಿನ ಪಕ್ಕಕ್ಕೇ ಬಂತು. ಹಿಂದೆ ಕೂತವನು ಕಿಟಕಿ ತಟ್ಟಿ, "ಯಾವ ಕ್ಯಾಂಪ್? ಅದು ಬಂದ್ ಆಗಿದೆ, ನಮ್ಮಲ್ಲಿಗೆ ಬನ್ನಿ" ಅಂದ. ಅಲ್ಲಿ ಇವರಿಗೆ ಲಪ್ಕಾ ಅಂತಾರೆ. ಹೊರಗಿನ ಗಾಡಿ, ಹೊರಗಿನ ಜನ ಕಂಡರೆ ಬೈಕಿನಲ್ಲಿ ಬೆನ್ನು ಹತ್ತುತ್ತಾರೆ. ಪೊಲೀಸರು ಹಿಡಿಯುತ್ತಾರೆ, ಸೀಸನ್ ಬಂದಾಗ ಮತ್ತೆ ಹಾಜರ್. ಸ್ವಂತ ಕಾರಲ್ಲಿ ಕೆಎ ಪ್ಲೇಟ್ ಹಾಕಿಕೊಂಡು ಹೋಗುವವರು ಇದನ್ನು ಚೆನ್ನಾಗಿ ನೆನಪಿಡಿ. ಗಾಜು ಇಳಿಸಬೇಡಿ, ನಿಲ್ಲಿಸಬೇಡಿ, ಯಾವ ಹೋಟೆಲ್ ಅಂತಲೂ ಹೇಳಬೇಡಿ. ಹೋಟೆಲಿಗೆ ನೀವೇ ಫೋನ್ ಮಾಡಿ ಕೇಳಿಕೊಳ್ಳಿ.

ಕ್ಯಾಂಪ್ ಮುಟ್ಟಿದಾಗ ಕತ್ತಲು. ಢೋಲು ಬಾರಿಸಿ, ಹಣೆಗೆ ತಿಲಕ ಇಟ್ಟು, "ಖಮ್ಮಾ ಘಣಿ" ಅಂದರು, ಅದು ಅಲ್ಲಿಯ ನಮಸ್ಕಾರ. ಅತ್ತೆಗೆ ಖುಷಿಯಾಯಿತು. ಆ ಖುಷಿ ಟೆಂಟಿನ ಬಾಗಿಲ ತನಕ. ಫೋಟೋದಲ್ಲಿದ್ದ ಕ್ಯಾಂಪ್ ಅದಲ್ಲವೇ ಅಲ್ಲ. "ಅದು ಫುಲ್, ಇದು ಅವರದೇ ಇನ್ನೊಂದು" ಅಂದ ಡ್ರೈವರ್. ಬಾಗಿಲಿನ ಜಿಪ್ ಅರ್ಧಕ್ಕೆ ಕಿತ್ತು ಹೋಗಿತ್ತು, ಕೆಳಗಿನ ಭಾಗಕ್ಕೆ ಎರಡು ಸೇಫ್ಟಿ ಪಿನ್ ಚುಚ್ಚಿದ್ದರು. ಹಾಸಿಗೆಯ ಮೇಲೆ ಕೈ ಆಡಿಸಿದರೆ ಮರಳು ಹತ್ತುತ್ತಿತ್ತು. ಗೀಸರ್ ಇತ್ತು, ಅದರ ವೈರ್ ಎಲ್ಲಿಗೂ ಸೇರಿರಲಿಲ್ಲ. ಮರಳುದಿಬ್ಬ ಎಲ್ಲಿ ಅಂತ ಕೇಳಿದರೆ ಹುಡುಗ ಕತ್ತಲಿನ ಕಡೆ ಕೈ ತೋರಿಸಿದ. ಬೆಳಿಗ್ಗೆ ನೋಡಿದಾಗ ಗೊತ್ತಾಯಿತು, ರಸ್ತೆ ದಾಟಿ ಮೂರು ಕಿಲೋಮೀಟರ್. ನಮ್ಮ ಟೆಂಟಿನ ಸುತ್ತ ಇದ್ದದ್ದು ಜಾಲಿ ಗಿಡ ಮತ್ತು ಗಟ್ಟಿ ನೆಲ.

ಜೀಪ್ ಸಫಾರಿ ಬಗ್ಗೆ ಕೇಳಲು ಆಫೀಸ್ ಟೆಂಟಿಗೆ ಹೋದೆವು. ಇಡೀ ವ್ಯವಹಾರ ಗೊತ್ತಾಗಿದ್ದು ಅಲ್ಲೇ. ಕ್ಯಾಂಪಿನವನು ವಯಸ್ಸಾದ ಮನುಷ್ಯ, ತಲೆಗೆ ಮಫ್ಲರ್ ಸುತ್ತಿಕೊಂಡು ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂತಿದ್ದ. ಜೀಪಿಗೆ 3,500, ಒಂಟೆಗೆ ಬೇರೆ ಅಂದ. ನಾವು ಏಜೆಂಟ್ ಕೊಟ್ಟಿದ್ದ ವೋಚರ್, ಅಂದರೆ ಬುಕಿಂಗ್ ಚೀಟಿ ತೋರಿಸಿದೆವು. ಅವನು ಜಗಳಕ್ಕೆ ಬರಲಿಲ್ಲ. ತನ್ನ ಫೋನ್ ತೆಗೆದು, ಅದೇ ಏಜೆಂಟ್ ಹಿಂದಿನ ರಾತ್ರಿ ಕಳಿಸಿದ್ದ ಮೆಸೇಜನ್ನು ನಮ್ಮ ಮುಂದೆ ಹಿಡಿದ. ನಾಲ್ಕು ಜನ, ಒಂದು ಟೆಂಟ್, ರಾತ್ರಿ ಊಟ, ಬೆಳಿಗ್ಗೆ ತಿಂಡಿ. ಇಷ್ಟೇ. ಕೊಟ್ಟ ದುಡ್ಡು 6,500. ನಮ್ಮ ವೋಚರ್‌ನಲ್ಲಿ ಕ್ಯಾಂಪಿನ ಲೆಕ್ಕಕ್ಕೆ ಬರೆದಿದ್ದದ್ದು 16,000. "ಬೇಟಾ, ಇಷ್ಟರಲ್ಲಿ ನಾನು ಜೀಪ್ ಎಲ್ಲಿಂದ ಕೊಡಲಿ?" ಅಂತ ಕೇಳಿದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಸೀಸನ್ನಿನಲ್ಲಿ ಯಾರೂ ತಗೊಳ್ಳದೆ ಉಳಿದ ಟೆಂಟುಗಳನ್ನು ಈ ಏಜೆಂಟರು ಕೊನೇ ಗಳಿಗೆಯಲ್ಲಿ ಸಿಕ್ಕ ರೇಟಿಗೆ ಹಿಡಿಯುತ್ತಾರಂತೆ. ನಮಗೆ ಕಳಿಸುವ ಫೋಟೋ ಯಾವುದೋ ಒಳ್ಳೆಯ ಕ್ಯಾಂಪಿನದು. ಗಿರಾಕಿ ಅಲ್ಲಿಗೆ ಹೋಗಿ ಸೇರುವುದೇ ಕತ್ತಲಾದ ಮೇಲೆ, ಆ ಹೊತ್ತಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಬೇರೆ ಕಡೆ ಎಲ್ಲಿ ಹೋಗುತ್ತಾನೆ? ದಾರಿಯುದ್ದಕ್ಕೂ ಅಂಗಡಿಗಳ ಮುಂದೆ ಯಾಕೆ ನಿಲ್ಲಿಸಿದ ಅಂತ ಆಗ ಅರ್ಥವಾಯಿತು. ಕಮಿಷನ್ನೂ ಆಯಿತು, ಕತ್ತಲೂ ಆಯಿತು.

ರಾತ್ರಿ ಚಳಿ ಬಗ್ಗೆ ಒಂದು ಮಾತು. ಹಗಲು ಸ್ವೆಟರ್ ಬೇಡ ಅನ್ನಿಸುತ್ತದೆ, ಬೆಳಗಿನ ಜಾವಕ್ಕೆ ಐದಾರು ಡಿಗ್ರಿಗೆ ಇಳಿಯುತ್ತದೆ. ಒಂದೇ ಪದರದ ಬಟ್ಟೆಯ ಟೆಂಟಿನಲ್ಲಿ ವಯಸ್ಸಾದವರನ್ನು ಮಲಗಿಸಬೇಡಿ. ಅತ್ತೆಗೆ ನಮ್ಮೆಲ್ಲರ ರಗ್ಗು ಹೊದಿಸಿ, ನಾವು ಜಾಕೆಟ್ ಹಾಕಿಕೊಂಡು ಕೂತೆವು. ಮಧ್ಯರಾತ್ರಿ ತನಕ ಪಕ್ಕದ ಕ್ಯಾಂಪಿನ ಡಿಜೆ. ಈ ಸಮ್ ಇರುವುದು ಡೆಸರ್ಟ್ ನ್ಯಾಷನಲ್ ಪಾರ್ಕಿನ ಮಗ್ಗುಲಲ್ಲಿ. ರಾಜಸ್ಥಾನದವರು ಗೋಡಾವಣ್ ಅನ್ನುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ಉಳಿದಿರುವ ದೊಡ್ಡ ಆಸರೆ ಅದು. ನಮ್ಮ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಇವೆಯಲ್ಲ, ಅದೇ ಹಕ್ಕಿ. ಅಂಥ ಜಾಗದಲ್ಲಿ ಆ ಸದ್ದು ಯಾಕೆ ಬೇಕೋ, ಆ ದೇವರಿಗೇ ಗೊತ್ತು.

ಬೆಳಿಗ್ಗೆ ತನೋಟ್‌ಗೆ ಹೊರಡಿ ಅಂದರೆ ಡ್ರೈವರ್ ಹೊಸ ರಾಗ ತೆಗೆದ. ರಸ್ತೆ ಬಂದ್, ಆರ್ಮಿ ಎಕ್ಸರ್‌ಸೈಜ್ ಇದೆ, ಪರ್ಮಿಟ್ ಬೇಕು, ಪರ್ಮಿಟ್ ಮಾಡಿಸಲು 4,000 ಕೊಡಿ. ರಸ್ತೆ ಬದಿಯ ಚಹಾ ಅಂಗಡಿಯವನನ್ನು ಕೇಳಿದೆವು. "ಈಗಷ್ಟೇ ಎರಡು ಬಸ್ ಹೋದವು" ಅಂದ. ನಮ್ಮ ದೇಶದವರಿಗೆ ತನೋಟ್ ಗುಡಿಗೆ, ಲೋಂಗೇವಾಲಾ ಯುದ್ಧ ಸ್ಮಾರಕಕ್ಕೆ ಪರ್ಮಿಟ್ ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ತನೋಟ್ ದಾಟಿ ಗಡಿ ಕಂಬದ ಹತ್ತಿರ ಹೋಗಬೇಕಾದರೆ ಮಾತ್ರ ಗಡಿ ಕಾಯುವ ಬಿಎಸ್‌ಎಫ್ ಅನುಮತಿ ಬೇಕು. ಡ್ರೈವರ್ ಕೈಗೆ ದುಡ್ಡು ಕೊಟ್ಟು ಮಾಡಿಸುವ ಪರ್ಮಿಟ್ ಯಾವುದೂ ಇಲ್ಲ.

ನಾವು ಆ ಕಾರನ್ನು ಜೈಸಲ್ಮೇರ್ ಕೋಟೆಯ ಹತ್ತಿರ ಬಿಟ್ಟೆವು. ಅಲ್ಲೇ ಒಂದು ಸಣ್ಣ ಹೋಟೆಲಿನಲ್ಲಿ ರೂಮ್ ಮಾಡಿ, ಅವರ ಮೂಲಕ ಹಳದಿ ಪ್ಲೇಟಿನ ಟ್ಯಾಕ್ಸಿ ಹಿಡಿದೆವು. ತನೋಟ್ 120 ಕಿಲೋಮೀಟರ್. ಹೋಗಿ ವಾಪಸ್ ಬಂದ ಮೇಲೆ ದುಡ್ಡು ಕೊಡಿ ಅಂದ ಈ ಡ್ರೈವರ್. ಪೆಟ್ರೋಲ್ ರಾಮಗಢದಲ್ಲೇ ತುಂಬಿಸಿಕೊಂಡ, ಅಲ್ಲಿಂದ ಮುಂದೆ ಫೋನಿಗೆ ಸಿಗ್ನಲ್ಲೂ ಬಂದು ಹೋಗಿ ಆಗುತ್ತದೆ. 1965ರ ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಶೆಲ್ಲುಗಳನ್ನು ಗುಡಿಯಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ಗುಡಿ ನೋಡಿಕೊಳ್ಳುವುದು ಬಿಎಸ್‌ಎಫ್ ಜವಾನರು. ಲೋಂಗೇವಾಲಾದಲ್ಲಿ 1971ರ ಯುದ್ಧದ ಟ್ಯಾಂಕುಗಳು. ಮಗಳು ಅಲ್ಲಿಂದ ಹೊರಡಲು ಒಪ್ಪಲೇ ಇಲ್ಲ, ಅಷ್ಟು ಹೊತ್ತು ನೋಡಿದಳು. ವಾಪಸ್ ಬರುವಾಗ ಯಾವ ಅಂಗಡಿಯ ಮುಂದೆಯೂ ಗಾಡಿ ನಿಲ್ಲಲಿಲ್ಲ.

ಹಾಗಾಗಿ ಪ್ಲಾನ್ ಹಾಕುವವರಿಗೆ ನನ್ನ ಒತ್ತಾಯ ಇಷ್ಟು. ಕಾರು ಒಬ್ಬರದ್ದು, ಕ್ಯಾಂಪ್ ಇನ್ನೊಬ್ಬರದ್ದು, ಜೀಪ್ ಅಲ್ಲಿಗೆ ಹೋದ ಮೇಲೆ. ಜೋಧಪುರದಿಂದ ಜೈಸಲ್ಮೇರ್‌ಗೆ ರೈಲೂ ಇದೆ, ಕಾರೇ ಬೇಕು ಅಂತಿಲ್ಲ. ಮರಳುದಿಬ್ಬಕ್ಕೆ ಜೈಸಲ್ಮೇರ್‌ನಿಂದ ಟ್ಯಾಕ್ಸಿ ಮಾಡಿ ಮಧ್ಯಾಹ್ನ ಮೂರಕ್ಕೆ ಹೊರಟರೆ, ದಾರಿಯಲ್ಲಿ ಪಾಲಿವಾಲ ಬ್ರಾಹ್ಮಣರು ಹಿಂದೆ ಬಿಟ್ಟುಹೋದ ಕುಲಧರಾ ಹಳ್ಳಿ ನೋಡಿಕೊಂಡು ಸೂರ್ಯ ಮುಳುಗುವ ಹೊತ್ತಿಗೆ ಸಮ್ ಸೇರಬಹುದು. ರಾತ್ರಿ ಊರಿಗೆ ಬಂದು ಬೆಚ್ಚಗೆ ಮಲಗಬಹುದು. ಟೆಂಟೇ ಬೇಕು ಅನ್ನುವವರು ಕ್ಯಾಂಪಿಗೆ ನೇರವಾಗಿ ಫೋನ್ ಮಾಡಿ, ಮ್ಯಾಪಿನ ಸ್ಯಾಟಲೈಟ್ ಚಿತ್ರದಲ್ಲಿ ಅದನ್ನು ಹುಡುಕಿ. ದಿಬ್ಬ ಎಷ್ಟು ದೂರ ಅಂತ ಅದರಲ್ಲೇ ಕಾಣುತ್ತದೆ. ಗದ್ದಲ ಬೇಡದವರು ಖೂರಿ ಅನ್ನುವ ಹಳ್ಳಿಯ ದಿಬ್ಬಗಳ ಕಡೆ ಹೋಗಿ. ಅಡ್ವಾನ್ಸ್ ಕಾಲುಭಾಗ ಮೀರಬಾರದು, ಒಪ್ಪದಿದ್ದರೆ ಬೇರೆಯವರನ್ನು ನೋಡಿ. ಸಮ್‌ನಲ್ಲಿ ಯುಪಿಐ ಕೈಕೊಡುತ್ತದೆ, ನಗದು ಇರಲಿ. ಜೀಪಿನಲ್ಲಿ ಬೆಲ್ಟ್ ಇರುವುದಿಲ್ಲ, ಕಂಬಿ ಹಿಡಿದು ನಿಲ್ಲಿಸಿಯೇ ದಿಬ್ಬ ಹತ್ತಿಸುತ್ತಾರೆ. ಬೆನ್ನುನೋವು ಇದ್ದವರು, ಹಿರಿಯರು ಹತ್ತಬೇಡಿ. ಸೆಲ್ಫ್ ಡ್ರೈವ್ ಕಾರನ್ನು ಮಾತ್ರ ಯಾರು ಎಷ್ಟೇ ಹುರಿದುಂಬಿಸಿದರೂ ಮರಳಿಗೆ ಇಳಿಸಬೇಡಿ. ಚಕ್ರ ಹೂತರೆ ಎಳೆಯುವವನು ಕೇಳಿದ್ದೇ ರೇಟು, ಕಾರು ಕೊಟ್ಟವನು ಡಿಪಾಸಿಟ್ ವಾಪಸ್ ಕೊಡುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಏಜೆಂಟ್ ಮೊದಲು ಫೋನ್ ಎತ್ತಲಿಲ್ಲ, ಆಮೇಲೆ ನಂಬರ್ ಬ್ಲಾಕ್ ಮಾಡಿದ. ಬೆಂಗಳೂರಿಗೆ ಬಂದು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆವು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ವೋಚರ್, ಯುಪಿಐ ರಸೀದಿ, ಟೆಂಟಿನ ಫೋಟೋ, ಬಿಳಿ ಪ್ಲೇಟಿನ ಫೋಟೋ ಎಲ್ಲ ಕಳಿಸಿದೆವು. ಇವನ್ನೆಲ್ಲ ಅಲ್ಲಿರುವಾಗಲೇ ತೆಗೆದಿಟ್ಟುಕೊಳ್ಳಿ, ಆಮೇಲೆ ಸಿಗುವುದಿಲ್ಲ. ಸ್ವಲ್ಪ ದಿನದಲ್ಲಿ ಅವನೇ ಫೋನ್ ಮಾಡಿ, "ಭಾಭೀಜಿ, ದೂರು ವಾಪಸ್ ತಗೊಳ್ಳಿ" ಅಂತ ಜೀಪ್ ಮತ್ತು ತನೋಟ್ ಲೆಕ್ಕದ ದುಡ್ಡು ಹಾಕಿದ. ಕ್ಯಾಂಪಿನ ವ್ಯತ್ಯಾಸದ ದುಡ್ಡು ಕೊಟ್ಟಿಲ್ಲ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತಿದ್ದೇವೆ. 2019ರ ಕಾಯ್ದೆ ಪ್ರಕಾರ ನಾವು ವಾಸ ಇರುವ ಊರಲ್ಲೇ ಕೇಸ್ ಹಾಕಬಹುದು, ಜೋಧಪುರಕ್ಕೆ ಅಲೆಯಬೇಕಿಲ್ಲ. ನಾವು ಕೊಟ್ಟ ದುಡ್ಡು ಐದು ಲಕ್ಷದ ತನಕ ಇದ್ದರೆ ಶುಲ್ಕವೂ ಇಲ್ಲ. ಇದೇ ಥರ ಮೋಸ ಹೋದವರು ಇದ್ದರೆ ನಿಮ್ಮ ವೋಚರ್ ತೆಗೆದು ನೋಡಿ, ಕ್ಯಾಂಪಿನ ಹೆಸರಿನ ಮುಂದೆ "ಅಥವಾ ಅದೇ ದರ್ಜೆಯದು" ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ಅಂತ. ನಮ್ಮದರಲ್ಲಿ ಇರಲಿಲ್ಲ, ಆದರೂ ಬೇರೆ ಕ್ಯಾಂಪಿಗೆ ಹಾಕಿದ. ನಾವು ಅದನ್ನೇ ಹಿಡಿದುಕೊಂಡಿದ್ದೇವೆ.