ಕೂಲಿ ಎಷ್ಟು ಎಂದು ಕೇಳುವ ಸುದ್ದಿ: 'ಪರಿ' ಕನ್ನಡದ ಬಗ್ಗೆ ಒಬ್ಬ ಟೈಲರ್ ಅಭಿಪ್ರಾಯ

ನಾನು ಬರೆಯುತ್ತಿರುವುದು ಒಂದು ಸುದ್ದಿ ವೆಬ್‌ಸೈಟ್ ಬಗ್ಗೆ. ಪೂರ್ತಿ ಹೆಸರು ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ, ಚಿಕ್ಕದಾಗಿ ಪರಿ. ಪತ್ರಕರ್ತ ಪಿ. ಸಾಯಿನಾಥ್ 2014ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು. ಹತ್ತಕ್ಕೂ ಜಾಸ್ತಿ ಭಾಷೆಗಳಲ್ಲಿ ಬರುತ್ತದೆ, ಕನ್ನಡದಲ್ಲೂ ಇದೆ. ಓದಲು ದುಡ್ಡು ಕೊಡಬೇಕಿಲ್ಲ. ಹಳ್ಳಿಯ ಜನ, ಅವರ ಕೆಲಸ, ಅವರ ಬದುಕು, ಇದೇ ಅಲ್ಲಿನ ಸುದ್ದಿ. ನಮ್ಮ ಅಂಗಡಿಯಲ್ಲಿ ಈಗ ಮಧ್ಯಾಹ್ನದ ಹೊತ್ತು ಟಿವಿ ನ್ಯೂಸ್ ಆಫ್ ಮಾಡಿ ಇದನ್ನೇ ಓದುತ್ತೇವೆ.

ನನ್ನದು ತುಮಕೂರಿನಲ್ಲಿ ಲೇಡೀಸ್ ಟೈಲರಿಂಗ್ ಅಂಗಡಿ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್, ಕುಚ್ಚು. ಅದಕ್ಕೂ ಮುಂಚೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಮಷೀನ್ ಮೇಲೆ ಕೂತಿದ್ದವಳು. ಅಂಗಡಿಯ ಗೋಡೆಗೆ ಟಿವಿ ಇದೆ. ಕೈ ಕೆಲಸ ಮಾಡುತ್ತಿರುತ್ತೆ, ಕಿವಿ ಖಾಲಿ ಇರುತ್ತೆ ಅಲ್ವಾ, ಹಾಗಾಗಿ ಬೆಳಿಗ್ಗೆ ಹಾಕಿದರೆ ರಾತ್ರಿ ಶಟರ್ ಎಳೆಯುವವರೆಗೂ ನ್ಯೂಸ್ ಚಾನೆಲ್. ಚಾನೆಲ್ ಹೆಸರು ಬೇಡ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದರೂ ಅದೇ ಕಥೆ.

2024ರ ಜೂನ್ ನೆನಪಿರಬೇಕು. ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ದೊಡ್ಡ ನಟ ದರ್ಶನ್ ಅರೆಸ್ಟ್ ಆದರು. ಅದು ಸುದ್ದಿಯೇ, ಸುದ್ದಿ ಅಲ್ಲ ಅಂತ ನಾನು ಹೇಳುವುದಿಲ್ಲ. ಒಬ್ಬ ಮನುಷ್ಯನ ಜೀವ ಹೋಗಿದೆ, ಆರೋಪ ಇರುವುದು ದುಡ್ಡು, ಹೆಸರು ಎರಡೂ ಇರುವವರ ಮೇಲೆ. ಪೊಲೀಸರು ಏನು ಮಾಡುತ್ತಾರೆ, ಕೋರ್ಟು ಏನು ಹೇಳುತ್ತೆ ಅಂತ ಜನ ಕಣ್ಣಿಟ್ಟು ನೋಡಲೇಬೇಕು. ಆದರೆ ನಮ್ಮ ಟಿವಿಯಲ್ಲಿ ಬಂದಿದ್ದು ಅದೊಂದೇ ಅಲ್ಲ. ಆರೋಪಿ ಸ್ಥಾನದಲ್ಲಿದ್ದ ಹೆಣ್ಣುಮಗಳು ಕಸ್ಟಡಿಯಲ್ಲಿ ಲಿಪ್‌ಸ್ಟಿಕ್ ಹಚ್ಚಿಕೊಂಡಿದ್ದರು ಅನ್ನುವುದು ಗಂಟೆಗಟ್ಟಲೆ ಓಡಿತು. ತುಟಿ ಮೇಲೆ ಕೆಂಪು ವೃತ್ತ, ಬಾಣದ ಗುರುತು. ಕೊನೆಗೆ ಕಾವಲಿಗಿದ್ದ ಮಹಿಳಾ ಪಿಎಸ್‌ಐಗೆ ನೋಟಿಸ್ ಹೋಯಿತು. ಜೊತೆಯಲ್ಲಿದ್ದ ಗಂಡಸರು ಶೇವಿಂಗ್ ಮಾಡಿಕೊಂಡಿದ್ದರಾ, ಯಾವ ಶರ್ಟ್ ಹಾಕಿದ್ದರು, ಅದರ ಮೇಲೆ ಒಂದು ಚರ್ಚೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಳತೆ ಕೊಡಲು ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ನಿಂತು ನೋಡಿ, "ಅಕ್ಕಾ, ತಪ್ಪು ಮಾಡಿದ್ರೆ ಶಿಕ್ಷೆ ಆಗ್ಲಿ. ಲಿಪ್‌ಸ್ಟಿಕ್‌ಗೂ ಕೇಸಿಗೂ ಏನು ಸಂಬಂಧ?" ಅಂದಳು.

ಇದು ಹೊಸದೂ ಅಲ್ಲ. 2018ರಲ್ಲಿ ನಟಿ ಶ್ರೀದೇವಿ ದುಬೈನಲ್ಲಿ ಬಾತ್‌ಟಬ್‌ನಲ್ಲಿ ಮುಳುಗಿ ತೀರಿಕೊಂಡಾಗ ಒಂದು ಚಾನೆಲ್‌ನವರು ಬಾತ್‌ಟಬ್ ಒಳಗೇ ಮಲಗಿ ತೋರಿಸಿದರು. 2020ರ ಜೂನ್‌ನಲ್ಲಿ ನಟ ಸುಶಾಂತ್ ಸಿಂಗ್ ತೀರಿಕೊಂಡ ಮೇಲೆ ಅವರ ಗೆಳತಿ, ನಟಿ ರಿಯಾ ಚಕ್ರವರ್ತಿಯನ್ನು ಮಾಟಗಾತಿ ಅನ್ನುವವರೆಗೂ ಮಾತು ಹೋಯಿತು. ಸೆಪ್ಟೆಂಬರ್ 8ಕ್ಕೆ ಅವರ ಬಂಧನ. ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದರು. ಸಾವಿನ ತನಿಖೆ ಮಾಡಿದ ಸಿಬಿಐ ಕೇಸು ಮುಗಿಸುವ ವರದಿ ಕೊಟ್ಟಿದ್ದು 2025ರ ಮಾರ್ಚ್‌ನಲ್ಲಿ. ಆ ಹೊತ್ತಿಗೆ ಮೈಕ್ ಹಿಡಿದಿದ್ದವರು ಬೇರೆ ಮನೆ ಬಾಗಿಲಿಗೆ ಹೋಗಿದ್ದರು. 2020ರಲ್ಲಿ ರಿಯಾ ಬಂಧನವಾಗಿ ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 14ಕ್ಕೆ, ಉತ್ತರ ಪ್ರದೇಶದ ಹಾಥರಸ್‌ನಲ್ಲಿ ದಲಿತ ಹುಡುಗಿಯ ಮೇಲೆ ಆ ದೌರ್ಜನ್ಯ ನಡೆಯಿತು. ಟಿವಿಗಳು ಆ ಕಡೆ ಜೋರಾಗಿ ತಿರುಗಿದ್ದು 29ಕ್ಕೆ ಅವಳ ಜೀವ ಹೋದ ಮೇಲೆ, ಪೊಲೀಸರು ರಾತ್ರೋರಾತ್ರಿ ಹೆಣ ಸುಟ್ಟ ಮೇಲೆ. ಬದುಕಿಗಾಗಿ ಒದ್ದಾಡುತ್ತಿದ್ದ ಎರಡು ವಾರ ಅವಳು ಅಷ್ಟು ದೊಡ್ಡ ಸುದ್ದಿ ಆಗಿರಲಿಲ್ಲ.

ನನ್ನ ತಕರಾರು ಸಿನಿಮಾದವರ ಸುದ್ದಿ ಬರುತ್ತೆ ಅನ್ನುವುದರ ಮೇಲೆ ಅಲ್ಲ. ನಟಿಯ ಮುಖಕ್ಕೆ ಕ್ಯಾಮೆರಾ ಒತ್ತುವವರೂ, ಅಂಗನವಾಡಿ ಸಹಾಯಕಿಯ ಕಡೆ ಕ್ಯಾಮೆರಾ ತಿರುಗಿಸದವರೂ ಒಬ್ಬರೇ. ಹೆಂಗಸು ಅಂದರೆ ಅವರಿಗೆ ಮೈ, ಇಲ್ಲ ಕಣ್ಣೀರು, ಇಲ್ಲ ಕಳಂಕ. ಅವಳು ದುಡಿಯುತ್ತಾಳೆ, ಅವಳಿಗೆ ಇಷ್ಟು ಕೂಲಿ ಬರುತ್ತೆ, ಇಷ್ಟು ಬರಬೇಕಿತ್ತು ಅನ್ನುವುದು ಸುದ್ದಿಯೊಳಗೆ ಬರುವುದೇ ಇಲ್ಲ. 1995ರಿಂದ ಐದು ವರ್ಷಕ್ಕೊಮ್ಮೆ ಜಗತ್ತಿನ ನೂರಾರು ಪತ್ರಿಕೆ, ಟಿವಿ, ರೇಡಿಯೊ ಸುದ್ದಿಗಳನ್ನು ಎಣಿಸುವ ಒಂದು ಅಧ್ಯಯನ ಇದೆ, ಗ್ಲೋಬಲ್ ಮೀಡಿಯಾ ಮಾನಿಟರಿಂಗ್ ಪ್ರಾಜೆಕ್ಟ್ ಅಂತ. ಸುದ್ದಿಯಲ್ಲಿ ಕಾಣುವ, ಮಾತಾಡುವ ನೂರು ಜನರಲ್ಲಿ ಹೆಂಗಸರು ಆಗ 17 ಇದ್ದರು, 2020ಕ್ಕೆ 25 ಆದರು. 25 ವರ್ಷಕ್ಕೆ ಎಂಟು ಜನ.

ನನಗೆ ಇದು ಬರೀ ಓದಿ ತಿಳಿದ ವಿಷಯ ಅಲ್ಲ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಹೊಸ ಪಿಎಫ್ ನಿಯಮದ ಮೇಲೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದಾಗ ನಾನೂ ಅಲ್ಲಿದ್ದೆ. ಮಾಲೀಕರು ಹಾಕುವ ಪಾಲನ್ನು 58 ವರ್ಷ ತುಂಬುವವರೆಗೂ ತೆಗೆಯುವ ಹಾಗಿಲ್ಲ ಅನ್ನುವ ನಿಯಮ ಅದು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರು ಕೂತಿರುತ್ತಾರೆ? ನಲವತ್ತಕ್ಕೇ ಸೊಂಟ ಹೋಗಿರುತ್ತೆ, ಕಣ್ಣು ಮಂಜಾಗಿರುತ್ತೆ. ಮಗಳ ಮದುವೆ, ಮಗನ ಫೀಸು, ಕೈಸಾಲ ಎಲ್ಲಕ್ಕೂ ಆ ಪಿಎಫ್ ದುಡ್ಡೇ ಗತಿ. ಮೊದಲ ದಿನ ಹೊಸೂರು ರಸ್ತೆ, ಮಾರನೇ ದಿನ 19ಕ್ಕೆ ನಮ್ಮ ತುಮಕೂರು ರಸ್ತೆ. ಜಾಲಹಳ್ಳಿ ಕ್ರಾಸ್ ಹತ್ತಿರ ಎಲ್ಲಿ ನೋಡಿದರೂ ನಮ್ಮವರೇ. ಅಷ್ಟು ಹೆಂಗಸರು ಒಟ್ಟಿಗೆ ರಸ್ತೆಯಲ್ಲಿ ನಿಂತಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಅದೇ ದಿನ ಕೇಂದ್ರ ಆದೇಶ ವಾಪಸ್ ತಗೊಂಡಿತು. ಇಷ್ಟು ದೊಡ್ಡ ಗೆಲುವು. ರಾತ್ರಿ ರೂಮಿಗೆ ಬಂದು ಟಿವಿ ಹಾಕಿದರೆ ಸುಟ್ಟ ಬಸ್ಸು, ಟ್ರಾಫಿಕ್ ಜಾಮ್. ನಮ್ಮ ಗುಂಪಿನ ಹತ್ತಿರ ಮೈಕ್ ಹಿಡಿದು ಬಂದವರು ಕಲ್ಲು ಹೊಡೆದವರು ಯಾರು ಅಂತ ಕೇಳಿದರು. ನಿಮ್ಮ ಸಂಬಳ ಎಷ್ಟು, ಪಿಎಫ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಯಾರೂ ಕೇಳಲಿಲ್ಲ.

ಹಾಗಾಗಿ ಪರಿಯನ್ನು ಮೊದಲ ಸಲ ತೆರೆದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೂಲಿಯ ಲೆಕ್ಕ. ಬೀಡಿ ಕಟ್ಟುವವಳಾಗಲಿ, ಕಬ್ಬು ಕಡಿಯುವವಳಾಗಲಿ, ದಿನಕ್ಕೆ ಎಷ್ಟು, ಎಷ್ಟು ಗಂಟೆ ಕೆಲಸ, ನೀರಿಗೆ ಎಷ್ಟು ದೂರ ಹೋಗುತ್ತಾಳೆ, ಇದೆಲ್ಲ ಬರುತ್ತೆ. ಜೊತೆಗೆ ಅವಳ ಹೆಸರು, ಊರು, ಅವಳದೇ ಮಾತು. ಫೋಟೊದಲ್ಲಿ ಅವಳು ಕೆಲಸ ಮಾಡುತ್ತಿರುತ್ತಾಳೆ.

ಒಂದನ್ನು ಬಿಡಿಸಿ ಹೇಳಬೇಕು. ಸಾಯಿನಾಥ್ ಅವರು 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತೆಗೆದ ಫೋಟೊಗಳ ಪ್ರದರ್ಶನ ಪರಿಯಲ್ಲಿದೆ. ಎಲ್ಲವೂ ಹೆಂಗಸರ ಕೆಲಸದ ಫೋಟೊ. ಅದರಲ್ಲಿ ಒಂದು ಗದ್ದೆಯ ಫೋಟೊ. ಜಮೀನಿನ ಯಜಮಾನ ನೆಟ್ಟಗೆ, ಠೀವಿಯಿಂದ ಫೋಟೊಗೆ ನಿಂತಿದ್ದಾನೆ. ಅವನ ಗದ್ದೆಯಲ್ಲಿ ಒಂಬತ್ತು ಹೆಂಗಸರು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದಾರೆ. ದಿನಕ್ಕೆ 40 ರೂಪಾಯಿ ಕೊಡುತ್ತೇನೆ ಅಂತ ಅವನು ಹೇಳಿದ. ಆಮೇಲೆ ಆ ಹೆಂಗಸರನ್ನು ಕೇಳಿದರೆ ಕೈಗೆ ಬರುವುದು 25. ಒಡಿಶಾದ ರಾಯಗಡದ, ತುಂಡು ಭೂಮಿಯೂ ಇಲ್ಲದ ಕೂಲಿಗಳು.

ಕುಚ್ಚು ಕಟ್ಟಲು ಬರುವ ಡಿಗ್ರಿ ಹುಡುಗಿ ಇದನ್ನು ಜೋರಾಗಿ ಓದಿದಾಗ ಅಂಗಡಿಯಲ್ಲಿ ನಾಲ್ಕೈದು ಜನ ಇದ್ದೆವು. ಬ್ಲೌಸ್ ತಗೊಂಡು ಹೋಗಲು ಬಂದಿದ್ದವರೊಬ್ಬರು, ಈಗಲೂ ಫ್ಯಾಕ್ಟರಿಗೆ ಹೋಗುವವರು, ಕೂತುಬಿಟ್ಟರು. "ಕಾಗದದ ಮೇಲೆ ಒಂದು, ಕೈಗೆ ಒಂದು. ಎಲ್ಲಾ ಕಡೆ ಇದೇ ನೋಡಮ್ಮ" ಅಂದರು. ಆಮೇಲೆ ಓವರ್‌ಟೈಮ್ ಲೆಕ್ಕ, ಟಾರ್ಗೆಟ್, ಬಾತ್‌ರೂಮಿಗೆ ಹೋದರೆ ಸೂಪರ್‌ವೈಸರ್ ಗಡಿಯಾರ ನೋಡುವುದು, ಎಲ್ಲ ಮಾತು ಬಂತು. ಇಷ್ಟು ವರ್ಷ ಟಿವಿ ನೋಡಿದರೂ ಆ ಅಂಗಡಿಯಲ್ಲಿ ನಮ್ಮ ಸಂಬಳದ ಬಗ್ಗೆ ನಾವು ಹೀಗೆ ಮಾತಾಡಿರಲಿಲ್ಲ.

ಸಾಯಿನಾಥ್ ಬಹಳ ಹಿಂದೆಯೇ ಹೇಳಿದ ಒಂದು ಲೆಕ್ಕವೂ ಇದೇ ವಿಷಯದ್ದು. 2006ರಲ್ಲಿ ಮುಂಬೈನ ಲ್ಯಾಕ್ಮೆ ಫ್ಯಾಷನ್ ವೀಕ್‌ಗೆ ಪಾಸ್ ಪಡೆದ ಪತ್ರಕರ್ತರು 512. ಅಲ್ಲಿ ಮಾಡೆಲ್‌ಗಳು ತೊಟ್ಟಿದ್ದು ಹತ್ತಿ ಬಟ್ಟೆ. ಆ ಹತ್ತಿ ಬೆಳೆಯುವ ವಿದರ್ಭದಲ್ಲಿ ಆಗ ರೈತರು ಸಾಲು ಸಾಲಾಗಿ ಪ್ರಾಣ ಕಳೆದುಕೊಳ್ಳುತ್ತಿದ್ದರು, ಅದನ್ನು ಬರೆಯಲು ಹೊರಗಿನಿಂದ ಹೋದವರು ಬೆರಳೆಣಿಕೆಯಷ್ಟು. ರೈತ ಹೆಣ್ಣುಮಗಳು ಸತ್ತರಂತೂ ಅದು ರೈತರ ಲೆಕ್ಕಕ್ಕೇ ಬರುವುದು ಕಷ್ಟ, ಯಾಕೆಂದರೆ ಪಹಣಿಯಲ್ಲಿ ಅವಳ ಹೆಸರು ಇರುವುದಿಲ್ಲ. ಬಟ್ಟೆ ಹೊಲಿಯುವವಳು ನಾನು. ನೂಲಿನ ಆ ತುದಿಯಲ್ಲಿ ಯಾರಿದ್ದಾರೆ ಅನ್ನುವುದು ನನಗೆ ಬೇಕಾದ ಸುದ್ದಿ.

ಪರಿಯಲ್ಲಿ ಮರಾಠಿ ಹೆಂಗಸರ ಬೀಸುಕಲ್ಲಿನ ಹಾಡುಗಳೂ ಇವೆ, ಹೇಮಾ ರಾಯ್ಕರ್ ಮತ್ತು ಗೀ ಪ್ವಾತ್‌ವ್ಯಾಂ ವರ್ಷಗಟ್ಟಲೆ ಕೂಡಿಟ್ಟದ್ದು, ಲಕ್ಷಕ್ಕೂ ಜಾಸ್ತಿ. ನಮ್ಮಜ್ಜಿ ರಾಗಿ ಬೀಸುತ್ತಾ ಹೇಳುತ್ತಿದ್ದ ಪದಗಳನ್ನು ಯಾರೂ ಹೀಗೆ ಬರೆದಿಟ್ಟುಕೊಳ್ಳಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು.

ಈಗ ಕೊರತೆಗಳು. ಮೊದಲನೆಯದು, ಕನ್ನಡ. ಹೆಚ್ಚಿನ ಬರಹ ಬೇರೆ ಭಾಷೆಯಿಂದ ಬಂದದ್ದು. ಅನುವಾದ ಮಾಡುವವರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ, ಆದರೂ ಕೆಲವು ಕಡೆ ವಾಕ್ಯ ಉದ್ದ, ಜೋರಾಗಿ ಓದುವವರಿಗೆ ಉಸಿರು ಸಾಲುವುದಿಲ್ಲ. ಎರಡನೆಯದು, ಬರಹಗಳೇ ಉದ್ದ. ಒಂದು ಸೀರೆಗೆ ಅರ್ಧ ಕುಚ್ಚು ಆಗುವಷ್ಟು ಹೊತ್ತು ಬೇಕು. ಕಿವಿಯಲ್ಲಿ ಕೇಳುವ ಹಾಗೆ ಎಲ್ಲಾ ಬರಹಕ್ಕೂ ಕನ್ನಡ ಆಡಿಯೊ ಮಾಡಿದರೆ ಹೊಲಿಗೆ ಅಂಗಡಿಗಳಲ್ಲಿ, ಅಡುಗೆಮನೆಗಳಲ್ಲಿ ಎಷ್ಟು ಜನ ಕೇಳುತ್ತಾರೆ! ಮತ್ತೆ, ಇದು ದಿನದ ಸುದ್ದಿ ಅಲ್ಲ. ಇವತ್ತು ಏನಾಯಿತು ಅಂತ ಬೇಕಿದ್ದರೆ ಬೇರೆ ಕಡೆ ನೋಡಲೇಬೇಕು. ಕರ್ನಾಟಕದ ಸುದ್ದಿಯೂ ನನಗೆ ಬೇಕಾದಷ್ಟು ಇಲ್ಲ. ಇರುವುದು ಚೆನ್ನಾಗಿದೆ. ಕಾಡುಗೊಲ್ಲ ಸಮುದಾಯದ ಹೆಣ್ಣುಮಕ್ಕಳನ್ನು ಮುಟ್ಟು, ಬಾಣಂತನದಲ್ಲಿ ಮನೆಯಿಂದ ಹೊರಗಿಡುವುದರ ಬಗ್ಗೆ ಬರೆದದ್ದನ್ನು ಓದಿ ನಮ್ಮ ಜಿಲ್ಲೆಯವರೇ ಆದ ಇಬ್ಬರು ಗಿರಾಕಿಗಳು ತಮ್ಮ ಕಥೆ ಹೇಳಿದರು.

ಈ ಕೊರತೆ ಯಾಕೆ ಕಾಡುತ್ತೆ ಅಂದರೆ, 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತಿದ್ದರು. ನನ್ನ ಓರಗಿತ್ತಿಯೂ ಹೋಗಿದ್ದಳು. ತಿಂಗಳಿಗೆ 15 ಸಾವಿರ ಗೌರವಧನ ಬೇಕು ಅನ್ನುವುದು ಬೇಡಿಕೆ. ಆ ಚಳಿಯಲ್ಲಿ ನೆಲದ ಮೇಲೆ ಮಲಗಿ ಕೊನೆಗೆ 10 ಸಾವಿರ ಖಚಿತ ಅನ್ನುವ ಮಾತು ಪಡೆದು ಎದ್ದರು. ಅವಳು ಕಾಣುತ್ತಾಳಾ ಅಂತ ನಾವು ಟಿವಿ ಮುಂದೆ ಕಾದೆವು. ಪರದೆಯ ಕೆಳಗೆ ಓಡುವ ಒಂದು ಸಾಲಿನಲ್ಲಿ ಸುದ್ದಿ ಬಂತು, ಹೋಯಿತು. ನನ್ನ ಅತ್ತೆ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಸಾಲು ಮುಗಿದಿತ್ತು.

ಸಿನಿಮಾ ಸುದ್ದಿಯನ್ನೂ ಇದೇ ಕಣ್ಣಲ್ಲಿ ಬರೆಯಬಹುದು. ಕೇರಳದಲ್ಲಿ ನಟಿಯೊಬ್ಬರ ಮೇಲೆ 2017ರಲ್ಲಿ ದೌರ್ಜನ್ಯ ನಡೆದ ಮೇಲೆ ನ್ಯಾಯಮೂರ್ತಿ ಹೇಮಾ ಸಮಿತಿ ಕೂತಿತು. 2019ರ ಡಿಸೆಂಬರ್‌ನಲ್ಲೇ ಕೊಟ್ಟ ವರದಿ ಜನರ ಕೈಗೆ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಅದರಲ್ಲಿ ಲೈಂಗಿಕ ದೌರ್ಜನ್ಯದ ಜೊತೆಗೆ ಶೂಟಿಂಗ್ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲ, ಬಟ್ಟೆ ಬದಲಿಸಲು ಕೋಣೆ ಇಲ್ಲ ಅಂತಲೂ ಇದೆ. ಗಾರ್ಮೆಂಟ್ಸ್‌ನಲ್ಲಿ ನೀರು ಕುಡಿಯದೇ ದಿನ ಕಳೆದ ನಮಗೆ ಇದು ಬೇರೆ ಲೋಕದ ಮಾತು ಅನ್ನಿಸಲಿಲ್ಲ. ನಮ್ಮ ಕನ್ನಡ ಚಿತ್ರರಂಗದವರ 'ಫೈರ್' ಸಂಘಟನೆಯೂ ಅಂಥದ್ದೇ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ಟಿವಿಯಲ್ಲಿ ಮಾತ್ರ ಆ ನಟ ಯಾರು, ಈ ನಟ ಯಾರು ಅನ್ನುವ ಊಹೆ. ಶೌಚಾಲಯ ಯಾವಾಗ ಕಟ್ಟಿಸುತ್ತೀರಿ ಅಂತ ಒಬ್ಬ ನಿರ್ಮಾಪಕರನ್ನಾದರೂ ಕೇಳಿದ್ದರೆ!

ಹಿಂದಿ ಸ್ವಲ್ಪ ಬರುವವರು 'ಖಬರ್ ಲಹರಿಯಾ'ವನ್ನೂ ನೋಡಿ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಶುರುವಾದ, ಹಳ್ಳಿ ಹೆಂಗಸರೇ ಬರೆದು ನಡೆಸಿದ ಪತ್ರಿಕೆ, ಅವರಲ್ಲಿ ದಲಿತ ಹೆಣ್ಣುಮಕ್ಕಳು ಬಹಳ. ಈಗ ವಿಡಿಯೊ ಮಾಡುತ್ತಾರೆ. ಅಲ್ಲಿನ ಬುಂದೇಲಿ ಭಾಷೆ ನನಗೆ ಪೂರ್ತಿ ಅರ್ಥ ಆಗುವುದಿಲ್ಲ, ಆದರೆ ಮೊಬೈಲ್ ಹಿಡಿದು ಅಧಿಕಾರಿ ಮುಂದೆ ನಿಂತು ರಸ್ತೆ ಯಾಕೆ ಆಗಿಲ್ಲ ಅಂತ ಕೇಳುವ ಧೈರ್ಯ ಅರ್ಥ ಆಗುತ್ತೆ. ಇಂಥದ್ದೊಂದು ತುಮಕೂರಿನಲ್ಲಿ, ಕಲಬುರಗಿಯಲ್ಲಿ ಹುಟ್ಟಿದರೆ ನಾನು ಮೊದಲ ಚಂದಾದಾರಳು.

ಪರಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಆಡಿಯೊ ಮತ್ತು ಕರ್ನಾಟಕದ ಸುದ್ದಿ ಜಾಸ್ತಿಯಾದರೆ ಐದು. ಫೋನಿನಲ್ಲಿ ತೆರೆದ ಕೂಡಲೇ ಭಾಷೆ ಕನ್ನಡ ಅಂತ ಆರಿಸಿಕೊಳ್ಳಿ. ಮೊದಲು ಹೆಂಗಸರ ಕೆಲಸದ ಆ ಫೋಟೊ ಪ್ರದರ್ಶನ ನೋಡಿ, ಒಬ್ಬರೇ ಬೇಡ, ನಾಲ್ಕು ಜನ ಸೇರಿ. ದೇಣಿಗೆ ಕೊಡುವ ಜಾಗವೂ ಅಲ್ಲೇ ಇದೆ, ಕೈಲಾದಷ್ಟು ಹಾಕಿ.