ಅಮ್ಮನಿಗೆ ಕೇಳಿಸದ ಹಾಡಿಗೆ ಏಳು ತಿಂಗಳು ದುಡ್ಡು ಕಟ್ಟಿದೆ

ನಮ್ಮೂರು ತಿಪಟೂರಿನ ಹತ್ತಿರ. ಅಮ್ಮ ಅಲ್ಲಿ ಒಬ್ಬಳೇ ಇದ್ದಾಳೆ. ಲ್ಯಾಂಡ್‌ಲೈನ್ ತೆಗೆಸಿ ನಾಲ್ಕು ವರ್ಷ ಆಯ್ತು. ಅದಿದ್ದ ಸ್ಟೂಲಿನ ಮೇಲೆ, ಅಮ್ಮನೇ ಹೆಣೆದ ಕ್ರೋಶಾ ಬಟ್ಟೆಯ ಮೇಲೆ, ಈಗ ಒಂದು ಬಟನ್ ಫೋನ್ ಕೂತಿದೆ. ನಮಗೆಲ್ಲ ಅದೇ 'ಮನೆ ಫೋನ್'. ಪೋಸ್ಟ್‌ಪೇಯ್ಡ್ ಸಿಮ್. ಬಿಲ್ ನನ್ನ ಕಾರ್ಡಿನಿಂದ ಆಟೋ ಪೇ ಆಗುತ್ತೆ. ನಾನು ಬೆಂಗಳೂರಿನಲ್ಲಿ ಕೂತು ಬಿಲ್ಲನ್ನು ತೆರೆದೂ ನೋಡುತ್ತಿರಲಿಲ್ಲ. ತಪ್ಪು ಅಲ್ಲೇ ಶುರುವಾಯ್ತು.

ಒಂದು ದಿನ ಮನೆಗೆ ಫೋನ್ ಮಾಡಿದರೆ ಟ್ರಿಂಗ್ ಟ್ರಿಂಗ್ ಬದಲು ಸಿನಿಮಾ ಹಾಡು ಬಂತು. ಒಳ್ಳೇ ಡ್ಯೂಯೆಟ್. ಪಕ್ಕದ ಮನೆ ಹುಡುಗ ಹಾಕಿಕೊಟ್ಟಿರಬೇಕು, ಅಮ್ಮನಿಗೂ ಒಂದು ಖುಷಿ ಇರಲಿ ಅಂದುಕೊಂಡು ಸುಮ್ಮನಾದೆ. ಅಪ್ಪನ ವರ್ಷಾಬ್ದಿಕದ ದಿನ ಕೇಳೋಣ ಅಂತ ಫೋನ್ ಮಾಡಿದ ಸೋದರತ್ತೆ ಮಾತ್ರ ಸುಮ್ಮನಾಗಲಿಲ್ಲ. "ಏನೇ ಇದು, ತಿಥಿ ಕೇಳೋಕೆ ಫೋನ್ ಮಾಡಿದ್ರೆ ಹೀರೋ ಹೀರೋಯಿನ್ನು ಕುಣೀತಿದಾರೆ?" ಅಂತ ಅಮ್ಮನನ್ನೇ ಬೈದರು. ಅಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ಕಾಲರ್ ಟ್ಯೂನ್ ಅನ್ನೋದು ಅದಕ್ಕೆ ದುಡ್ಡು ಕೊಡುವವರನ್ನು ಬಿಟ್ಟು ಊರಿಗೆಲ್ಲ ಕೇಳಿಸುತ್ತೆ. ಕಳ್ಳತನಕ್ಕೆ ಇದಕ್ಕಿಂತ ಅನುಕೂಲದ ಸರಕು ಇನ್ನೊಂದಿಲ್ಲ.

ಅವತ್ತು ರಾತ್ರಿ ಬಿಲ್ ತೆರೆದೆ. ಮೊದಲ ಪುಟದಲ್ಲಿ ಒಟ್ಟು ಮೊತ್ತ 446.04. ನಮ್ಮ ಪ್ಲಾನ್ 299, ಅದರ ಮೇಲೆ 18% ಜಿಎಸ್‌ಟಿ. ಅಂದರೆ 352.82 ಬರಬೇಕಿತ್ತು. ಉಳಿದದ್ದು ಮೂರನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಅಡಗಿತ್ತು: 'ವ್ಯಾಲ್ಯೂ ಆಡೆಡ್ ಸರ್ವೀಸಸ್ 79.00'. ಯಾವ ಸರ್ವೀಸು, ಯಾರು ಕೊಟ್ಟದ್ದು, ಯಾವತ್ತಿನಿಂದ, ಏನೂ ಇಲ್ಲ. ಹಿಂದಿನ ಬಿಲ್ಲುಗಳನ್ನೂ ಒಂದೊಂದಾಗಿ ತೆರೆದೆ. ಏಳು ತಿಂಗಳಿಂದ ಅದೇ ಸಾಲು. ಟ್ಯಾಕ್ಸ್ ಸೇರಿ ತಿಂಗಳಿಗೆ 93.22. ಒಟ್ಟು 652 ರೂಪಾಯಿ 54 ಪೈಸೆ. ದೊಡ್ಡ ಮೊತ್ತ ಅಲ್ಲ ಅನ್ನಿಸಬಹುದು. ಅದೇ ಅವರ ಲೆಕ್ಕಾಚಾರ. ತಿಂಗಳಿಗೆ ಒಂಬೈನೂರು ಹೋಗಿದ್ದರೆ ನಾನು ಮೊದಲ ತಿಂಗಳೇ ಜಗಳಕ್ಕೆ ನಿಲ್ಲುತ್ತಿದ್ದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. 79ರಲ್ಲಿ 49 ಕಾಲರ್ ಟ್ಯೂನ್, 30 ದಿನಭವಿಷ್ಯ ಅಂದರು. ಎರಡೂ ಹೊರಗಿನ ಕಂಪನಿಗಳದ್ದಂತೆ. ಫೋನ್ ಕಂಪನಿ ತನ್ನ ಬಿಲ್ಲಿನಲ್ಲಿ ವಸೂಲಿ ಮಾಡಿ ಪಾಲು ಹಂಚಿಕೊಳ್ಳುತ್ತೆ. ನನ್ನಮ್ಮ ಪಂಚಾಂಗ ನೋಡದೆ ಮಾವಿನಕಾಯಿ ಉಪ್ಪಿನಕಾಯಿಯನ್ನೂ ಹಾಕುವವಳಲ್ಲ, ಅವಳಿಗೆ ಎಸ್ಸೆಮ್ಮೆಸ್ ಭವಿಷ್ಯ!

"ನಿಮ್ಮ ನಂಬರಿಂದಲೇ ಕನ್ಫರ್ಮ್ ಆಗಿದೆ ಮೇಡಂ."

"ಯಾವತ್ತು? ಎಷ್ಟು ಗಂಟೆಗೆ? ಹೇಗೆ?"

ಈ ಮೂರು ಪ್ರಶ್ನೆ ಕೇಳಿದ ಮೇಲೆಯೇ ಆ ಕಡೆಯ ಧ್ವನಿ ಸ್ವಲ್ಪ ತಗ್ಗಿದ್ದು. ಹೋಲ್ಡ್‌ನಲ್ಲಿಟ್ಟು ಬಂದು, ಮಧ್ಯಾಹ್ನ 3 ಗಂಟೆ 42 ನಿಮಿಷಕ್ಕೆ ಒಂದು ರೆಕಾರ್ಡೆಡ್ ಕಾಲ್ ಮೂಲಕ ಕಾಲರ್ ಟ್ಯೂನ್ ಶುರುವಾಗಿದೆ ಅಂದರು. ಅದು ಅಮ್ಮ ಊಟ ಮುಗಿಸಿ ಅಡ್ಡಾಗುವ ಹೊತ್ತು. ಅಮ್ಮನನ್ನು ಕೇಳಿದರೆ, "ಯಾವ್ದೋ ಹುಡುಗಿ ಮಾತಾಡ್ತಾ ಹಾಡು ಹಾಕ್ತಾಳೆ ಕಣೇ. ಆಫ್ ಮಾಡೋಣ ಅಂತ ಏನೋ ಒತ್ತಿದೆ" ಅಂದಳು. ಆ ಹುಡುಗಿ ಹೇಳುವುದೇ "ಈ ಹಾಡು ಇಷ್ಟವಾದರೆ ಒಂಬತ್ತು ಒತ್ತಿ" ಅಂತ. ಕನ್ನಡಕ ಇಲ್ಲದೆ, ನಿದ್ದೆಗಣ್ಣಲ್ಲಿ ಕೆಂಪು ಬಟನ್ ಹುಡುಕುವ ಬೆರಳು ಎಲ್ಲಿಗೆ ಬೇಕಾದರೂ ಹೋಗುತ್ತೆ. ಭವಿಷ್ಯ ಬಹುಶಃ ಸ್ಕ್ರೀನ್ ಮೇಲೆ ತಾನಾಗೇ ಹಾರಿ ಬರುವ ಮೆಸೇಜಿನಿಂದ ಬಂದಿರಬೇಕು. ಓಕೆ ಒತ್ತದೆ ಅದು ಜಾಗ ಬಿಡೋದೇ ಇಲ್ಲ. ಸ್ಮಾರ್ಟ್‌ಫೋನ್ ಇರುವವರೂ ನಗಬೇಡಿ. ವೈಫೈ ಇಲ್ಲದೆ ಮೊಬೈಲ್ ಡೇಟಾದಲ್ಲಿರುವಾಗ ಜಾಹೀರಾತಿನ ಪುಟಕ್ಕೆ ನಿಮ್ಮ ನಂಬರನ್ನು ನೀವು ಟೈಪ್ ಮಾಡಿಯೇ ಕೊಡಬೇಕು ಅಂತಿಲ್ಲ, ನೆಟ್‌ವರ್ಕಿನ ಮೂಲಕವೇ ಗೊತ್ತಾಗುವ ವ್ಯವಸ್ಥೆ ಇದೆ. ಮಕ್ಕಳ ಕೈಯಲ್ಲಿ ಗೇಮ್ ಆಡಲು ಕೊಟ್ಟ ಫೋನು ಇಂಥ ಕಂಪನಿಗಳ ಪಾಲಿಗೆ ಹಬ್ಬ.

ಆದರೆ ಒಂದು ಬಟನ್ ಒತ್ತಿದ್ದಷ್ಟೇ ಸಾಲದು. 2013ರ ಜುಲೈನಲ್ಲಿ ಟ್ರಾಯ್, ಅಂದರೆ ಫೋನ್ ಕಂಪನಿಗಳ ಮೇಲಿರುವ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಹೊರಡಿಸಿದ ಆದೇಶದ ಪ್ರಕಾರ ಇಂಥ ಸೇವೆ ಶುರುಮಾಡಲು ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಬೇಕು. ಎರಡನೇ ಒಪ್ಪಿಗೆಯನ್ನು, ಸೇವೆ ಮಾರುವವರ ಸಿಸ್ಟಮ್ ಬಿಟ್ಟು ಬೇರೆಯವರ ಸಿಸ್ಟಮ್‌ನಿಂದ ಪಡೆಯಬೇಕು. ನಾನು ಇದನ್ನು ಹೇಳಿ, "ಎರಡನೇ ಒಪ್ಪಿಗೆಯ ದಾಖಲೆ ಕೊಡಿ" ಅಂದೆ. ಉತ್ತರವಾಗಿ ಬಂದದ್ದು: "ನಿಮಗೆ ಈ ತಿಂಗಳ ಚಾರ್ಜ್ ಗುಡ್‌ವಿಲ್ ಆಗಿ ವಾಪಸ್ ಮಾಡ್ತೀವಿ ಮೇಡಂ." ನಮ್ಮದೇ ದುಡ್ಡು, ಅವರ ಗುಡ್‌ವಿಲ್. ಬೇಡ ಅಂದೆ. ಅದನ್ನು ಒಪ್ಪಿಕೊಂಡಿದ್ದರೆ ದೂರು ಬಗೆಹರಿದಿದೆ ಅಂತ ಅಲ್ಲೇ ಮುಚ್ಚಿಬಿಡುತ್ತಿದ್ದರು.

ಇಲ್ಲಿ ನಾನು ಮಾಡಿದ ಒಂದು ಎಡವಟ್ಟು ಹೇಳಲೇಬೇಕು. ಸಿಟ್ಟಿನಲ್ಲಿ ಮೊದಲು 155223ಕ್ಕೆ ಸ್ಟಾಪ್ ಅಂತ ಮೆಸೇಜ್ ಮಾಡಿಸಿ ಎರಡೂ ಸೇವೆ ನಿಲ್ಲಿಸಿದೆ. ಅದು ಟೋಲ್ ಫ್ರೀ ನಂಬರ್, ಇಂಥ ಸೇವೆಗಳನ್ನು ನಿಲ್ಲಿಸಲಿಕ್ಕೆಂದೇ ಇರುವಂಥದ್ದು, ಕಾಲ್ ಕೂಡ ಮಾಡಬಹುದು. ನಿಲ್ಲಿಸಿದ್ದು ಸರಿಯೇ. ಆದರೆ ಅದಕ್ಕೂ ಮುಂಚೆ ಯಾವ ಸೇವೆ, ಯಾರದ್ದು, ಯಾವ ದಿನ ಶುರು ಅಂತ ಕೇಳಿ ಬರೆದುಕೊಳ್ಳಬೇಕಿತ್ತು. ಭವಿಷ್ಯದ ವಿಷಯ ಕೇಳಿದಾಗಲೆಲ್ಲ "ಈಗ ಆಕ್ಟಿವ್ ಇಲ್ಲ, ಡೀಟೇಲ್ಸ್ ತೋರಿಸ್ತಿಲ್ಲ" ಅನ್ನೋ ಒಂದೇ ರಾಗ ಶುರುವಾಯ್ತು.

ಎರಡನೇ ವಿಷಯ, ಡಾಕೆಟ್ ನಂಬರ್. ದೂರು ದಾಖಲಾದರೆ ಒಂದು ನಂಬರ್ ಕೊಡಲೇಬೇಕು. ನನ್ನ ಮೊದಲ ಎರಡು ಕಾಲ್‌ಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅವು ದೂರು ಅಲ್ಲ, 'ವಿಚಾರಣೆ' ಅಂತ ದಾಖಲಾಗಿದ್ದವು! ಮೂರನೇ ಸಲ ನಂಬರ್ ಸಿಗುವ ತನಕ ಫೋನ್ ಇಡಲಿಲ್ಲ. "ಪರಿಶೀಲಿಸಲಾಗಿದೆ, ಚಾರ್ಜ್ ಸರಿಯಾಗಿದೆ" ಅಂತ ಒಂದು ಸಾಲಿನ ಉತ್ತರ ಬಂತು. ಆಮೇಲೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಇಮೇಲ್ ಹಾಕಿದೆ. ಪ್ರತಿ ಕಂಪನಿಯಲ್ಲೂ ಇದು ಇರಬೇಕು, ಮೇಲ್ಮನವಿಗೆ ಫೀಸ್ ಇಲ್ಲ, 39 ದಿನದೊಳಗೆ ತೀರ್ಮಾನ ಹೇಳಬೇಕು. ಇಮೇಲ್ ಚಿಕ್ಕದಾಗಿ ಬರೆದೆ. ಏಳು ಬಿಲ್ ಲಗತ್ತಿಸಿದೆ. ಅಮ್ಮ ಜೀವನದಲ್ಲಿ ಒಂದು ಎಸ್ಸೆಮ್ಮೆಸ್ ಕಳಿಸಿದವಳಲ್ಲ, ಎರಡನೇ ಒಪ್ಪಿಗೆ ಯಾವ ರೂಪದಲ್ಲಿ ಬಂತು ತೋರಿಸಿ ಅಂತ ಕೇಳಿದೆ. ಬೈಗುಳ ಒಂದೂ ಹಾಕಲಿಲ್ಲ. ಕಷ್ಟ ಆಯ್ತು.

ಅಂದಹಾಗೆ, ನೇರವಾಗಿ ಟ್ರಾಯ್‌ಗೆ ಬರೆದು ಕಾಯುತ್ತಾ ಕೂರಬೇಡಿ. ಒಬ್ಬೊಬ್ಬ ಗ್ರಾಹಕರ ದೂರನ್ನು ಅದು ಬಗೆಹರಿಸುವುದಿಲ್ಲ, ಕಂಪನಿಗೆ ದಾಟಿಸುತ್ತೆ ಅಷ್ಟೇ. ಟೆಲಿಕಾಂ ಬಿಲ್ ಜಗಳ ಗ್ರಾಹಕ ಕೋರ್ಟಿಗೆ ಬರೋದಿಲ್ಲ ಅಂತಲೂ ಕೆಲವರು ಹೆದರಿಸುತ್ತಾರೆ. ಅದು 2009ರ ತೀರ್ಪಿನ ಹಳೇ ಕಥೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಮೊಬೈಲ್ ಗ್ರಾಹಕರು ಅಲ್ಲಿಗೂ ಹೋಗಬಹುದು ಅಂತ ಸ್ಪಷ್ಟವಾಗಿ ಹೇಳಿದೆ. ಕೋರ್ಟಿಗೆ ಮುಂಚೆ 1915, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಡಬಹುದು.

ಮೂವತ್ತಾರನೇ ದಿನ ಉತ್ತರ ಬಂತು. ಕಾಲರ್ ಟ್ಯೂನಿನ ಏಳೂ ತಿಂಗಳ 404.74 ವಾಪಸ್. ಭವಿಷ್ಯದ್ದು ಮಾತ್ರ ಮೂರು ತಿಂಗಳದ್ದು, 106.20. ಹಿಂದಿನ ನಾಲ್ಕು ತಿಂಗಳ ದಾಖಲೆ 'ಲಭ್ಯವಿಲ್ಲ'ವಂತೆ. ವಸೂಲಿ ಮಾಡಲು ಇದ್ದ ದಾಖಲೆ ವಾಪಸ್ ಕೊಡಲು ಇಲ್ಲ. ದುಡ್ಡು ಕೈಗೂ ಬರಲಿಲ್ಲ, ಮುಂದಿನ ಬಿಲ್ಲಿನಲ್ಲಿ ಕಳೆದರು.

ಆಟೋ ಪೇ ತೆಗೆಸಿದ್ದೇನೆ. ಈಗ ಬಿಲ್ ನೋಡಿಯೇ ಕಟ್ಟುವುದು. ಅಮ್ಮನ ಫೋನಿನಿಂದ 1909ಕ್ಕೆ ಡಿಎನ್‌ಡಿ, ಅಂದರೆ ಜಾಹೀರಾತಿನ ಕಾಲ್ ಬೇಡ ಅನ್ನೋ ಕೋರಿಕೆ, ಹಾಕಿಸಿದ್ದೇನೆ, 140ರಿಂದ ಶುರುವಾಗುವ ಜಾಹೀರಾತಿನ ನಂಬರ್ ಎತ್ತಬೇಡ ಅಂತ ಸ್ಟೂಲಿನ ಪಕ್ಕದ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಹೋದ ವಾರ ಊರಿಗೆ ಹೋದಾಗ ಚಿಕ್ಕಮ್ಮನ ಫೋನನ್ನೂ ನೋಡಿದೆ. ಅವರದ್ದು ಪ್ರೀಪೇಯ್ಡ್, "ಹಾಕ್ಸಿದ ದುಡ್ಡು ಅದೇನೋ ಬೇಗ ಕರಗುತ್ತೆ ಕಣಮ್ಮ" ಅಂತಿದ್ದರು. ಅವರಿಗೂ ಕ್ರಿಕೆಟ್ ಸ್ಕೋರ್ ಮತ್ತು ಜೋಕ್ಸ್ ಅಂಟಿಕೊಂಡಿದ್ದವು. ಈ ಸಲ ಮೊದಲು ಬರೆದುಕೊಂಡೆ, ಆಮೇಲೆ ನಿಲ್ಲಿಸಿದೆ. ಪ್ರೀಪೇಯ್ಡ್‌ನವರೂ ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರವನ್ನು ಕೇಳಿ ಪಡೆಯಬಹುದು, ಅದಕ್ಕೆ 50 ರೂಪಾಯಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ. ಅರ್ಜಿ ಹಾಕಿದ್ದೇವೆ.

ಇನ್ನು ನಮಗೆ ಬರಬೇಕಿರುವುದು 141 ರೂಪಾಯಿ 60 ಪೈಸೆ. "ಹೋಗ್ಲಿ ಬಿಡೇ" ಅಂತ ಅಮ್ಮ ಹೇಳುತ್ತಿದ್ದಾಳೆ. ಕೇಂದ್ರದ ಕುಂದುಕೊರತೆ ಪೋರ್ಟಲ್‌ಗೆ ದೂರು ಟೈಪ್ ಮಾಡುತ್ತಾ ಕೂತಿದ್ದೇನೆ.