ಕೆಮಿಸ್ಟ್ರಿ ಮೇಜರ್: ಕ್ರೈಸ್ಟಾ, ಸೇಂಟ್ ಜೋಸೆಫ್ಸಾ?

ಬೆಂಗಳೂರಿನ ಈ ಎರಡೂ ಯೂನಿವರ್ಸಿಟಿಗಳನ್ನು ನಡೆಸುವವರು ಕ್ಯಾಥೊಲಿಕ್ ಪಾದ್ರಿಗಳು. ಎಲ್ಲ ಧರ್ಮದವರೂ ಓದುತ್ತಾರೆ, ಆ ಚಿಂತೆ ಬೇಡ. ಸೇಂಟ್ ಜೋಸೆಫ್ಸ್ 1882ರಷ್ಟು ಹಳೆಯದು, ಯೂನಿವರ್ಸಿಟಿ ಆಗಿದ್ದು 2022ರಲ್ಲಿ. ಕ್ರೈಸ್ಟ್ 1969ರಲ್ಲಿ ಶುರುವಾಗಿ 2008ರಲ್ಲಿ ಡೀಮ್ಡ್ ಯೂನಿವರ್ಸಿಟಿ (ಯೂನಿವರ್ಸಿಟಿಗೆ ಸಮಾನ ಅಂತ ಮಾನ್ಯತೆ ಪಡೆದ ಸಂಸ್ಥೆ) ಆಯಿತು.

ಕ್ರೈಸ್ಟ್‌ನಲ್ಲಿ ಶಿಸ್ತು ಜಾಸ್ತಿ, 85% ಹಾಜರಿ ಬೇಕು. ದಿನಾ ದೂರದಿಂದ ಬಸ್ಸಲ್ಲಿ ಬರುವವರಿಗೆ ಇದು ಸಣ್ಣ ಮಾತಲ್ಲ.

ನನ್ನ ಒಲವು ಜೋಸೆಫ್ಸ್ ಕಡೆಗೆ, ಅಲ್ಲಿ ಸೈನ್ಸ್ ಓದಿನ ಪರಂಪರೆ ಗಟ್ಟಿ. ಆದರೂ ಸುಮ್ನೆ ಹೆಸರು ನೋಡಿ ಸೇರಬೇಡಿ. ಲ್ಯಾಬ್ ನೋಡಿ, ಒಂದು ಬ್ಯೂರೆಟ್‌ಗೆ (ದ್ರಾವಣವನ್ನು ಹನಿಹನಿಯಾಗಿ ಬಿಡುವ ಅಳತೆಯ ಗಾಜಿನ ಕೊಳವೆ) ಎಷ್ಟು ಜನ ಅಂತ ಕೇಳಿ. ಟೈಟ್ರೇಷನ್‌ನಲ್ಲಿ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಪ್ರಯೋಗ) ತಿಳಿ ಗುಲಾಬಿ ಬಣ್ಣ ಉಳಿಯುವಂತೆ ಮಾಡುವ ಆ ಕೊನೆಯ ಹನಿಯನ್ನು ನೀವೇ ಬಿಡಬೇಕು, ಪಕ್ಕದವರಲ್ಲ. ಕೆಮಿಸ್ಟ್ರಿ ಜೊತೆಗೆ ಯಾವ ಎರಡನೇ ವಿಷಯ ಸಿಗುತ್ತದೆ ಅನ್ನೋದನ್ನೂ ವಿಚಾರಿಸಿ.